ಗೌರಿ ಹಬ್ಬದ ಬೆಳೆ ಮತ್ತು ನಿಮ್ಮಮ್ಮನ ಆಟ

ನಿಶಾಂತಾ, ಚಂದನಾ,

ಮೊನ್ನೆ ಹಬ್ಬದ ದಿನ ದೊಡ್ಡತಾತ ನಿಮ್ಮ ಕೈಯಿಂದ ಫೋನು ಕಿತ್ತುಕೊಂಡಾಗ ನಾನು ಒಲೆಯ ಮುಂದೆ ಕೂತು ಒಬ್ಬಟ್ಟು ಬೇಯಿಸುತ್ತಿದ್ದೆ. "ಇದೇ ಆಟ ಕಣ್ಲಾ ನಿಮ್ಮವ್ವನ್ನ ಹಾಳು ಮಾಡಿದ್ದು. ಅವಳ ಆಟಕ್ಕೆ ಒಂದು ಮನೆ ಹುಳ ಸತ್ತೋಯ್ತು. ಬೇಕಾದ್ರೆ ನಿಮ್ಮಜ್ಜೀನ ಕೇಳು" ಅಂದರು. ನೆಂಟರೆಲ್ಲ ನಕ್ಕರು. ನಿಮ್ಮಮ್ಮ ನಗಲಿಲ್ಲ. ನೀವಿಬ್ಬರೂ ನನ್ನ ಮುಖ ನೋಡಿದಿರಿ. ಅಷ್ಟು ಜನರ ಮುಂದೆ ನನ್ನ ನಾಲಗೆ ಏಳುವುದಿಲ್ಲ, ಒಬ್ಬಟ್ಟು ಮಗುಚಿ ಹಾಕಿದೆ. ಆಮೇಲೆ ಅವರು ತಟ್ಟೆ ಹಿಡಿದು ನನ್ನ ಹತ್ತಿರ ಬಗ್ಗಿದಾಗ ಹೆಗಲ ಮೇಲಿನ ಟವೆಲ್ಲಿನಿಂದ ತೋಟಕ್ಕೆ ಹೊಡೆಯುವ ಔಷಧಿಯ ವಾಸನೆ ಬಂತು. ಅದೇ ವಾಸನೆ. ಇಷ್ಟು ವರ್ಷವಾದರೂ ನನ್ನ ಮೂಗು ಅದನ್ನು ಮರೆತಿಲ್ಲ.

ಅಜ್ಜಿಯನ್ನು ಕೇಳು ಎಂದರಲ್ಲ, ಕೇಳಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮ ಸುಮಾ ಹೈಸ್ಕೂಲಿನಲ್ಲಿದ್ದಳು. ಕೆಂಗಲ್ಲಿನಲ್ಲಿ ಬಸ್ಸಿಳಿದು ಒಳಗೆ ನಡೆದರೆ ನಮ್ಮೂರು. ಜಮೀನು ಪಾಲಾಗಿರಲಿಲ್ಲ. ನಿಮ್ಮ ದೊಡ್ಡತಾತ, ಎಂದರೆ ನನ್ನ ಗಂಡನ ಅಣ್ಣ ಪುಟ್ಟಸ್ವಾಮಿ ಭಾವ, ಮನೆಯ ಯಜಮಾನರು. ಹಿಪ್ಪುನೇರಳೆ ತೋಟ ಒಂದೇ, ರೇಷ್ಮೆ ಹುಳು ಸಾಕುವ ಮನೆಯೂ ಒಂದೇ. ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡಬಾರದು. ಏನಾದರೂ ಹೇಳಬೇಕೆಂದರೆ ಸೆರಗು ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, ಮೂರನೆಯವರಿಗೆ ಹೇಳಬೇಕು. ಮೂರನೆಯವರು ಯಾರೂ ಇಲ್ಲದಿದ್ದರೆ ಕಂಬಕ್ಕೆ ಹೇಳಿದ್ದೂ ಉಂಟು. "ಕಾಫಿ ಆರೋಯ್ತದೆ ಅಂತ ಹೇಳಪ್ಪಾ" ಎಂದು ನಾನು ಕಂಬಕ್ಕೆ ಹೇಳುತ್ತಿದ್ದೆ, ಅವರು ಬಂದು ಕುಡಿಯುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಅವರೊಂದಿಗೆ ನಾನು ನೇರವಾಗಿ ಒಂದು ಮಾತು ಆಡಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷಗಳಲ್ಲಿ ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಎದ್ದವು. ಬೆಳಿಗ್ಗೆ ಕೆಂಗಲ್ ರಸ್ತೆಗೆ ಫ್ಯಾಕ್ಟರಿ ಬಸ್ಸು ಬಂದು ನಿಂತರೆ ನಮ್ಮೂರಿನ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಓಡುತ್ತಿದ್ದರು. ಸೊಪ್ಪು ಕೊಯ್ಯಲು ಕರೆದರೆ, "ರಜಾ ಕೊಡಲ್ಲ ಕಣಕ್ಕ, ಒಂದಿನ ತಪ್ಪುದ್ರೆ ಹೆಸ್ರು ಹೊಡೆದಾಕ್ತಾರೆ" ಎನ್ನುತ್ತಿದ್ದರು. ಹುಳುವಿನ ಕೆಲಸ ಮನೆಯವರ ಕೈಗೇ ಉಳಿಯಿತು. ಮನೆಯವರು ಎಂದರೆ ನಾನು, ನನ್ನ ಓರಗಿತ್ತಿ ಚಿಕ್ಕತಾಯಕ್ಕ, ಮತ್ತು ಸುಮಾ. ಭಾವ ಬಾಗಿಲಲ್ಲಿ ನಿಂತು ಹೇಳುವವರು.

ಸುಮಾ ಚನ್ನಪಟ್ಟಣದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಸೇರಿದಳು. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಅಲ್ಲಿ ಅವಳು ಇಂಟರ್‌ನೆಟ್ಟಿನ ಒಂದು ಆಟ ಕಲಿತಳು. ನೀವು ಈಗ ಫೋನಿನಲ್ಲಿ ಆಡುತ್ತೀರಲ್ಲ, ಅದರ ಅಕ್ಕ ಎಂದುಕೊಳ್ಳಿ. ಒಬ್ಬೊಬ್ಬರೂ ಒಂದೊಂದು ವೇಷ ಹಾಕಿ, ಒಂದು ದೊಡ್ಡ ಲೋಕದೊಳಗೆ ಹೋಗಿ, ಗುಂಪು ಕಟ್ಟಿ ಆಡುವ ಆಟ. ಮನೆಗೆ ಬರುವುದು ತಡವಾಯಿತು. ಒಂದು ಪರೀಕ್ಷೆಯಲ್ಲಿ ಅಂಕವೂ ಕಡಿಮೆ ಬಂತು. ಅದನ್ನು ನಾನು ಮುಚ್ಚಿಡುವುದಿಲ್ಲ. ಅದಕ್ಕೆ ನಾನೇ ಬೈದೆ, ಶನಿವಾರ ಮಾತ್ರ ಆಡುತ್ತೇನೆ ಎಂದು ಅವಳೇ ಒಪ್ಪಿದಳು, ಹಾಗೇ ನಡೆದಳು. ಆದರೆ ಊರು ಅಷ್ಟಕ್ಕೆ ಬಿಡುತ್ತದೆಯೇ?

"ಪುಟ್ಟಸ್ವಾಮಣ್ಣನ ತಮ್ಮನ ಮಗಳು ಪೇಟೇಲಿ ರಾಕ್ಷಸರ ಜೊತೆ ಕುಣೀತಾಳಂತೆ."

"ಬರೀ ಗಂಡುಡುಗ್ರಂತೆ ಅಲ್ಲಿ. ಬಾಗ್ಲು ಮುಚ್ಕೊಂಡು ಕೂತಿರ್ತಾರಂತೆ."

"ಅದ್ನ ಆಡುದ್ರೆ ತಲೆ ಕೆಡ್ತದಂತೆ ಕಣೇ. ತಾಯಿ ಯಾರು ತಂಗಿ ಯಾರು ಗೊತ್ತಾಗಲ್ವಂತೆ."

ಎಲ್ಲವೂ ಅಂತೆ. ಕಂಡವರು ಒಬ್ಬರೂ ಇಲ್ಲ. ನನಗೂ ಭಯವಾಯಿತು. ಒಂದು ಶನಿವಾರ ಅವಳ ಜೊತೆ ನಾನೇ ಹೊರಟೆ.

ಸೆಂಟರಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಎಲ್ಲರೂ ನನ್ನ ಬರಿಗಾಲು ನೋಡಿದರು. ಬಾಗಿಲು ಮುಚ್ಚಿತ್ತು ನಿಜ, ಧೂಳು ಬರದಿರಲೆಂದು. ಗಾಜಿನ ಬಾಗಿಲು, ರಸ್ತೆಯಲ್ಲಿ ಹೋಗುವವರಿಗೆಲ್ಲ ಒಳಗೆ ಕಾಣುತ್ತಿತ್ತು. ಸುಮಾಳ ಪಕ್ಕದಲ್ಲಿ ಇಮ್ರಾನ್ ಎಂಬ ಹುಡುಗ ಕೂತಿದ್ದ, ಆಚೆ ಅವನ ಅಕ್ಕ ಶಬಾನಾ. ಅವರದು ಮರದ ಬೊಂಬೆಗೆ ಅರಗಿನ ಬಣ್ಣ ಹಾಕುವ ಮನೆ. ಅವನ ಉಗುರಿನ ಸಂದಿಯಲ್ಲಿ ಆಗಲೂ ಕೆಂಪು ಬಣ್ಣವಿತ್ತು. ಇನ್ನೊಬ್ಬ ಪ್ರಕಾಶ, ಬಿಡದಿಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯವನು. ಅವರ ಗುಂಪಿನಲ್ಲಿ ಇನ್ನೂ ಕೆಲವರಿದ್ದರು.

ಪರದೆಯ ಮೇಲೆ ಗುಡ್ಡದಷ್ಟು ದೊಡ್ಡ ಮೃಗ. ಅದರ ಎದುರು ಕಬ್ಬಿಣದ ಬಟ್ಟೆ ತೊಟ್ಟ ಒಬ್ಬ ದಾಂಡಿಗ. "ಅದ್ಯಾರು?" ಎಂದೆ. ಒಣಗಿದ ಕಡ್ಡಿಯಂತಿದ್ದ ಇಮ್ರಾನ್ ನಾಚಿಕೊಂಡು, "ನಾನೇ ಅಮ್ಮಾ. ಅಲ್ಲಿ ನನ್ ಹೆಸರು ಕರಿಬಂಡೆ" ಅಂದ. ದಾಂಡಿಗನ ಹಿಂದೆ, ದೂರದಲ್ಲಿ, ಬಿಳಿ ಬಟ್ಟೆಯ ಒಂದು ಹೆಣ್ಣು ನಿಂತಿತ್ತು. ಅದರ ಹೆಸರು ತುಂಬೆ. ಅದೇ ನಿಮ್ಮಮ್ಮ.

"ನೀನು ಯಾರಿಗೆ ಹೊಡೀತೀಯಾ?" ಎಂದು ಕೇಳಿದೆ.

"ನಾನು ಯಾರ್ಗೂ ಹೊಡಿಯಲ್ಲ ಕಣವ್ವ. ಮುಂದೆ ನಿಂತಿರೋನು ಏಟು ತಿಂತಾನೆ. ಅವನು ಬೀಳ್ದಂಗೆ ನೋಡ್ಕೊಳ್ಳೋದು ನನ್ ಕೆಲ್ಸ. ಗಾಯ ಆದ್ರೆ ವಾಸಿ ಮಾಡ್ತೀನಿ."

ಪರದೆಯ ಮೇಲೆ ತುಂಬೆ ಕೈ ಎತ್ತಿದಳು, ಹಸಿರು ಬೆಳಕು ಹೋಗಿ ದಾಂಡಿಗನ ಮೇಲೆ ಬಿತ್ತು, ಅವನು ಮತ್ತೆ ಎದ್ದು ನಿಂತ. ಸ್ವಲ್ಪ ಹೊತ್ತಿಗೆ ಮೃಗವೇ ಗೆದ್ದು ಎಲ್ಲರೂ ಬಿದ್ದರು. ಈಗ ಜಗಳ ಶುರುವಾಗುತ್ತದೆ ಎಂದುಕೊಂಡೆ. ಯಾರೂ ಯಾರನ್ನೂ ಬೈಯಲಿಲ್ಲ. "ಎಲ್ಲಿಂದ ಕೆಟ್ತು?" ಎಂದು ಶಬಾನಾ ಕೇಳಿದಳು. ಒಬ್ಬೊಬ್ಬರೂ ತಾವು ಮಾಡಿದ್ದನ್ನು ಮೊದಲಿನಿಂದ ಹೇಳಿದರು. "ನಾನು ಒಸಿ ಬೇಗ ನುಗ್ಬುಟ್ಟೆ, ನಂದೇ ತಪ್ಪು" ಎಂದು ಪ್ರಕಾಶ ಒಪ್ಪಿಕೊಂಡ. ಸರಿ ಎಂದು ಮತ್ತೆ ಆಡಿದರು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಇದ್ದೆ, ಒಬ್ಬ ಗಂಡಸು 'ನಂದೇ ತಪ್ಪು' ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು ಆ ಬ್ರೌಸಿಂಗ್ ಸೆಂಟರಿನಲ್ಲಿ. ನನ್ನ ಭಯ ಹೋಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಅವಳ ಭುಜಕ್ಕೆ ಒರಗಿ ನಿದ್ದೆ ಮಾಡಿದೆ.

ಮುಂದಿನ ವರ್ಷದ ಆಷಾಢದ ಬೆಳೆಯಲ್ಲಿ ಹುಳು ಚೆನ್ನಾಗಿ ಬಂದಿತ್ತು. ನಾಲ್ಕನೆಯ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆ ಬಂದಂತೆ ಕೇಳುತ್ತಿತ್ತು. ಹುಳು ಮನೆಗೆ ನಾವು ಕೈಕಾಲು ತೊಳೆಯದೆ ಹೋಗುವುದಿಲ್ಲ, ಅದರ ಹತ್ತಿರ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರ ಕಣ್ಣು ಬೀಳಬಾರದು ಎಂದು ಬಾಗಿಲಿಗೆ ಗೋಣಿತಾಟು ಕಟ್ಟುತ್ತೇವೆ. ಒಂದು ಬೆಳಿಗ್ಗೆ ತಾಟು ಸರಿಸಿ ನೋಡಿದರೆ ಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು, ಬಾಯಿಂದ ಹಸಿರು ರಸ ಕಕ್ಕುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ತಟ್ಟೆ ತಟ್ಟೆಯೇ ಕುಗ್ಗಿ ಸತ್ತಿತು. ಬರಲು ಹೇಳದಿದ್ದರೂ ಊರು ಅಂಗಳದಲ್ಲಿ ಸೇರಿತು.

ಭಾವ ಜಗುಲಿಯ ಮೇಲೆ ನಿಂತು, "ಪೇಟೇಲಿ ರಾಕ್ಷಸರ ಆಟ ಆಡ್ಕೊಂಡು ಬಂದು ಹಂಗೇ ಹುಳಿನ್ ಮನೆಗೆ ನುಗ್ಗುದ್ರೆ ಇನ್ನೇನಾದದು? ಅವಳ ಕಣ್ಣೇ ತಿಂದಾಕ್ತು" ಅಂದರು.

ಸುಮಾ ಅಳುತ್ತಿರಲಿಲ್ಲ. ತಟ್ಟೆಗಳನ್ನು ಒಂದೊಂದೇ ನೋಡಿಕೊಂಡು ಹೊರಗೆ ಬಂದಳು. "ದೊಡ್ಡಪ್ಪ, ಎಲ್ಲಾ ಸತ್ತಿಲ್ಲ. ಒಳಗಡೆ ತಟ್ಟೆಗಳು ಚೆನ್ನಾಗವೆ. ಅವಕ್ಕೆ ಬಾವಿ ಕಡೆ ಸೊಪ್ಪು ಹಾಕಿದ್ವಿ. ಸತ್ತಿರೋವಕ್ಕೆಲ್ಲ ನಿಮ್ಮ ಟೊಮೊಟೊ ಪಕ್ಕದ ಸಾಲಿನ ಸೊಪ್ಪು. ನೀವೇನಾದ್ರೂ ಟೊಮೊಟೊಗೆ ಔಷಧಿ ಹೊಡುದ್ರಾ?"

ಅಷ್ಟೇ ಕೇಳಿದ್ದು. ಆಟದ ಗುಂಪಿನವರು ಕೇಳಿಕೊಳ್ಳುತ್ತಿದ್ದ ಹಾಗೆಯೇ, ಎಲ್ಲಿಂದ ಕೆಟ್ಟಿತು ಎಂದು. ಭಾವನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಹಿಂದಿನ ದಿನ ಬೆಳಿಗ್ಗೆ ಗಾಳಿ ಬೀಸುವಾಗಲೇ ಔಷಧಿ ಹೊಡೆದಿದ್ದರು, ಅದು ಪಕ್ಕದ ಸೊಪ್ಪಿಗೂ ಬಿದ್ದಿತ್ತು, ನಮಗೆ ಯಾರಿಗೂ ಹೇಳಿರಲಿಲ್ಲ. ಆ ಗಳಿಗೆಯಲ್ಲಿ ಅವರಿಗೂ ಅರ್ಥವಾಯಿತು, ನಾನು ಕಣ್ಣಾರೆ ಕಂಡೆ. ಅರ್ಥವಾದ ಮೇಲೆಯೇ ಅವರು ಜಗುಲಿ ಇಳಿದು ಬಂದು ನನ್ನ ಮಗಳ ಕೆನ್ನೆಗೆ ಹೊಡೆದರು. ಬಗ್ಗಿ ಬಂದಾಗ ಹೆಗಲ ಟವೆಲ್ಲಿನಲ್ಲಿ ಔಷಧಿಯ ವಾಸನೆ ಇತ್ತು.

"ಇವತ್ತಿಂದ ಈ ಹುಡ್ಗಿ ನೆಳ್ಳು ಹುಳಿನ್ ಮನೆ ಮ್ಯಾಲೆ ಬೀಳಂಗಿಲ್ಲ. ಕಾಲೇಜೂ ಬ್ಯಾಡ, ಗೀಲೇಜೂ ಬ್ಯಾಡ. ಗೌರಿ ಹಬ್ಬದ ಬೆಳೆ ಆಗ್ತಿದ್ದಂಗೆ ನಮ್ಮ ಬೋರೇಗೌಡಂಗೆ ನಿಶ್ಚಯ ಮಾಡ್ಬುಡ್ತೀನಿ" ಅಂದರು. ಬೋರೇಗೌಡ ಚಿಕ್ಕತಾಯಕ್ಕನ ತಮ್ಮ, ತಿಪ್ಪಸಂದ್ರದವನು. ಸುಮಾ ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಮೀಸೆ ಬಂದಿತ್ತು.

ನಾನು ಸೊಪ್ಪಿನ ಕುಕ್ಕೆ ಹಿಡಿದು ನಿಂತಿದ್ದೆ. ಊರೆಲ್ಲ ನೋಡುತ್ತಿತ್ತು. ಸುಮಾ ಕೆನ್ನೆ ಮುಟ್ಟಿಕೊಳ್ಳದೆ ನನ್ನ ಕಡೆ ನೋಡಿದಳು. ಆ ಹೊಡೆತದ ಸದ್ದು ಆಮೇಲೆ ಸೊಪ್ಪು ಕೊಯ್ಯುವಾಗ, ನೀರು ಸೇದುವಾಗ, ರಾಗಿಮುದ್ದೆ ತೊಳಸುವಾಗ ಎಲ್ಲ ನನ್ನ ಕಿವಿಯಲ್ಲಿತ್ತು. ಮರೆಯಲಿ ಎಂದು ನಾನು ದೇವರನ್ನು ಬೇಡಲಿಲ್ಲ. ಮರೆಯದಿರಲಿ ಎಂದು ಬೇಡಿದೆ.

ಗೌರಿ ಹಬ್ಬದ ಬೆಳೆಗೆ ಚಾಕಿ ಹುಳು, ಎಂದರೆ ಹುಳುವಿನ ಮರಿ, ತಂದಾಗ ನಾನು ಏನೂ ಆಗದವಳಂತೆ ಕೆಲಸಕ್ಕೆ ನಿಂತೆ. ಸೊಪ್ಪು ಹೆಚ್ಚಿದೆ, ತಟ್ಟೆ ಬದಲಿಸಿದೆ, ಕಸ ತೆಗೆದೆ. ಸುಮಾ ಮನೆಯಲ್ಲೇ ಇದ್ದಳು. ಭಾವ, "ಜಯಮ್ಮನ ಕೈಗುಣ ನೋಡೇ, ಹುಳ ಹೆಂಗವೆ!" ಎಂದು ಚಿಕ್ಕತಾಯಕ್ಕನ ಹತ್ತಿರ ನನ್ನನ್ನು ಹೊಗಳಿದರು. ಹೊಗಳಲಿ ಎಂದುಕೊಂಡೆ. ಹುಳು ಎಷ್ಟು ಚೆನ್ನಾಗಿ ಬೆಳೆದರೆ ನನಗೆ ಅಷ್ಟು ಒಳ್ಳೆಯದಿತ್ತು.

ಯಾಕೆಂದು ಹೇಳುತ್ತೇನೆ. ಹುಳು ಹಣ್ಣಾಗುವ ದಿನ ಬೇರೆ ದಿನದಂತಲ್ಲ. ಮೈ ಹಳದಿ ತಿರುಗಿ, ದ್ರಾಕ್ಷಿಯಂತೆ ಒಳಗು ಕಾಣುವಂತಾಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಗೂಡು ಕಟ್ಟುವ ಜಾಗ ಹುಡುಕುತ್ತದೆ. ಅಂದೇ, ಆಗಲೇ, ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆ ಎಂಬ ಬಿದಿರು ತಟ್ಟಿಯ ಸುರುಳಿಗೆ ಬಿಡಬೇಕು. ತಡವಾದರೆ ಕಸದಲ್ಲಿ, ಗೋಡೆಯಲ್ಲಿ, ಎಲ್ಲೆಂದರಲ್ಲಿ ನೂಲು ಸುತ್ತಿಬಿಡುತ್ತದೆ. ಆ ಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆ ದಿನಕ್ಕೆ ಎಷ್ಟು ಕೈ ಇದ್ದರೂ ಸಾಲದು. ನಾನು ಆ ದಿನಕ್ಕೆ ಕಾದಿದ್ದೆ.

ಇನ್ನೊಂದು ದಿನಕ್ಕೆ ಹಣ್ಣಾಗುತ್ತದೆ ಎಂದಾಗ ಸುಮಾಳನ್ನು ಕೆಂಗಲ್ಲಿನ ಗುಡಿಗೆ ಹಣ್ಣುಕಾಯಿ ಮಾಡಿಸಲು ಕಳಿಸಿದೆ. ಅವಳು ಅಲ್ಲಿಂದ ಬಸ್ಸು ಹತ್ತಿ ಸೆಂಟರಿಗೆ ಹೋದಳು. ಅವಳು ಕಾಣದೆ ಇದ್ದ ಅಷ್ಟು ದಿನವೂ ಆ ಗುಂಪು ಆಟದೊಳಗೆ ಅವಳನ್ನು ಕೇಳುತ್ತಲೇ ಇತ್ತಂತೆ. "ನಾಳೆ ಬೆಳಿಗ್ಗೆ ಕೆಂಗಲ್ ಗುಡಿ ಮುಂದೆ ಬನ್ನಿ, ಕೈ ಬೇಕು" ಎಂದಷ್ಟೇ ಬರೆದು ಬಂದಳು.

"ದೊಡ್ಡಪ್ಪ ಒಪ್ಪದೆ ಇದ್ರೆ ಅವರ್ನೆಲ್ಲ ಏನ್ ಮಾಡ್ಲವ್ವ?"

"ಪುಳಿಯೋಗರೆ ಮಾಡ್ತೀನಿ. ತಿನ್ಸಿ ಕಳ್ಸು."

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಹುಳು ಮನೆಯ ಬಾಗಿಲ ಹೊರಗೆ, ಕಲ್ಲಿನ ಮೇಲೆ ಕೂತೆ. ಒಳಗೆ ಹುಳುಗಳು ತಲೆ ಎತ್ತಿದ್ದವು. ಚಿಕ್ಕತಾಯಕ್ಕ ಒಂದೇ ಸಮನೆ ಆರಿಸುತ್ತಿದ್ದರು. ನೆರವಿಗೆಂದು ಬಂದಿದ್ದ ಬೋರೇಗೌಡ ದಪ್ಪ ಬೆರಳಿನಲ್ಲಿ ಹಿಸುಕಿ ಹಿಸುಕಿ ಅಕ್ಕನಿಂದ ಬೈಸಿಕೊಳ್ಳುತ್ತಿದ್ದ. ಭಾವ ಓಡಿ ಬಂದರು.

"ಇದೇನೇ, ಜಯಮ್ಮ ಹಿಂಗ್ ಕೂತವಳೆ? ಒಳೀಕೋಗು ಅನ್ನೇ!" ಎಂದು ಚಿಕ್ಕತಾಯಕ್ಕನಿಗೆ ಕೂಗಿದರು.

ನಾನು ಕಂಬದ ಕಡೆ ತಿರುಗಿ ಹೇಳಿದೆ: "ನನ್ ಮಗಳ ನೆಳ್ಳು ಬೀಳಂಗಿಲ್ಲ ಅಂದವ್ರೆ. ನಾನು ಅವಳ ಜೊತೇಲಿ ಒಂದೇ ಚಾಪೇಲಿ ಮಲಗ್ತೀನಿ, ಒಂದೇ ಮಡಕೇಲಿ ಉಣ್ತೀನಿ. ನನ್ ಕಣ್ಣೂ ಕೆಟ್ಟದ್ದೇ ಆಯ್ತದೆ. ಹುಳ ಸತ್ತೋದಾವು ಅಂತ ಹೇಳಪ್ಪಾ."

"ಹುಡುಗಾಟಾನಾ ಇದು?"

"ಆಟ ಕೆಟ್ಟದ್ದು ಅಂತ ಅವ್ರೇ ಹೇಳವ್ರೆ. ನಾನ್ಯಾಕೆ ಆಡ್ಲಿ?"

ಅವರು ಹಲ್ಲು ಕಡಿದು ರಸ್ತೆಗೆ ಓಡಿದರು, ಆಳು ಹಿಡಿದು ತರಲು. ಫ್ಯಾಕ್ಟರಿ ಬಸ್ಸು ಆಗಲೇ ಹೋಗಿತ್ತು. ಊರಿನಲ್ಲಿ ಮುದುಕರನ್ನೂ ಕೂಸುಗಳನ್ನೂ ಬಿಟ್ಟರೆ ಯಾರೂ ಇರಲಿಲ್ಲ. ಅವರು ತಿರುಗಿ ಬರುವಷ್ಟರಲ್ಲಿ ಹುಳುಗಳು ತಟ್ಟೆಯ ಅಂಚು ದಾಟಿ ಗೋಡೆ ಹತ್ತುತ್ತಿದ್ದವು. ಒಂದು ಹುಳು ಬಾಗಿಲ ಗೋಣಿತಾಟಿನ ಮೇಲೆ, ನನ್ನ ಕಿವಿಯ ಪಕ್ಕದಲ್ಲೇ, ನೂಲು ಬಿಡಲು ಶುರು ಮಾಡಿತ್ತು. ನನ್ನ ಕೈ ತುರಿಸುತ್ತಿತ್ತು. ನಾನು ಸಾಕಿದ ಹುಳು ಅವು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ.

ಭಾವ ಬಂದು ಎದುರಿಗೆ ನಿಂತರು. ಏದುಸಿರು ಬಿಡುತ್ತಿದ್ದರು. "ಏನಾಗ್ಬೇಕಂತೆ ಅವಳ್ಗೆ, ಕೇಳೇ" ಎಂದು ಒಳಗೆ ಕೂಗಿದರು.

ಆಗ ನಾನು ಎದ್ದು ನಿಂತೆ. ಸೆರಗು ಹಿಂದಕ್ಕೆ ಸರಿಸಿದೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರ ಕಣ್ಣಿಗೆ ಕಣ್ಣಿಟ್ಟು ಮಾತಾಡಿದೆ.

"ಅಕ್ಕನ್ನ ಯಾಕೆ ಕೇಳ್ತೀರಿ ಭಾವ, ನನ್ನೇ ಕೇಳಿ. ಔಷಧಿ ಹೊಡುದ್ದು ಯಾರು?"

ಚಿಕ್ಕತಾಯಕ್ಕ ಒಳಗೆ ತಟ್ಟೆ ಕೆಳಗೆ ಹಾಕಿದ ಸದ್ದು ಕೇಳಿತು. ಕಂಬ ಮಾತಾಡಿದ್ದರೂ ಭಾವ ಅಷ್ಟು ಬೆಚ್ಚುತ್ತಿರಲಿಲ್ಲ.

"ಅದೀಗ್ಯಾಕೆ..."

"ಹುಳ ಗೋಡೆ ಹತ್ತಾವೆ ಭಾವ. ಔಷಧಿ ಹೊಡುದ್ದು ಯಾರು?"

"ನಾನೇ" ಅಂದರು, ನೆಲ ನೋಡಿಕೊಂಡು.

"ನನ್ಗಲ್ಲ. ಸುಮಂಗೆ ಹೇಳಿ. ಬೋರೇಗೌಡ್ರೂ ಕೇಳುಸ್ಕೊಳ್ಳಿ."

ಸುಮಾ ಮನೆ ಬಾಗಿಲಲ್ಲಿ ನಿಂತಿದ್ದಳು. ಭಾವ ಅವಳ ಕಡೆ ತಿರುಗಿದರು. "ಆಷಾಢದ ಹುಳ ಸತ್ತದ್ದು ನಾನು ಹೊಡ್ದ ಔಷಧೀಲಿ. ನಿನ್ನಿಂದಲ್ಲ" ಅಂದರು.

"ಆಟದಿಂದ?" ಎಂದೆ ನಾನು.

"ಆಟದಿಂದ್ಲೂ ಅಲ್ಲ."

"ಕಾಲೇಜು?"

"ಹೋಗ್ಲಿ."

"ನಿಶ್ಚಯ?"

ಅವರು ಬೋರೇಗೌಡನಿದ್ದ ಕಡೆ ನೋಡಿದರು. ಒಳಗಿಂದ ಬೋರೇಗೌಡನೇ ತಲೆ ಹೊರಗೆ ಹಾಕಿ, ಮೀಸೆಯ ಮೇಲೆ ಒಂದು ಹುಳು ಅಂಟಿಸಿಕೊಂಡು, "ನಂಗೂ ಬ್ಯಾಡ ಬುಡಿ ಭಾವ! ಈ ಮನೆ ಹೆಂಗಸ್ರ ಸಾವಾಸ ನಮ್ಗಾಗದಲ್ಲ. ಮದ್ಲು ಹುಳ ನೋಡಿ" ಅಂದ. ಆ ಮನುಷ್ಯನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಇಷ್ಟಕ್ಕೆ ಒಳಗೆ ಹೋಗಬಹುದಿತ್ತು. ನನ್ನ ಹೊಟ್ಟೆಯ ಉರಿ ಆರಿರಲಿಲ್ಲ. "ಕೈ ಸಾಲಲ್ಲ ಭಾವ. ಕೆಂಗಲ್ ಗುಡಿ ಮುಂದೆ ಜನ ಕಾಯ್ತಾವ್ರೆ. ಆ ಆಟದೋರೇ. ನೀವೇ ಹೋಗಿ ಕರ್ಕಂಬನ್ನಿ" ಎಂದೆ. ಅವರು ನನ್ನನ್ನು ನೋಡಿದರು, ಗೋಡೆ ನೋಡಿದರು, ಸೈಕಲ್ಲು ತೆಗೆದುಕೊಂಡರು. ನಾನು ಕೈಕಾಲು ತೊಳೆದು ಒಳಗೆ ಹೋದೆ.

ರಾಕ್ಷಸರ ಜೊತೆ ಕುಣಿಯುವವರು ಒಂದು ಟೆಂಪೋದಲ್ಲಿ ಬಂದು ಇಳಿದರು. ಇಮ್ರಾನ್, ಶಬಾನಾ, ಇನ್ನೂ ಕೆಲವರು, ಮತ್ತೆ ಪಾಳಿ ಮುಗಿಸಿ ಮಲಗದೆ ಬಂದ ಪ್ರಕಾಶ. ಅವರ ಹಿಂದೆ ಸೈಕಲ್ಲು ತುಳಿಯುತ್ತ, ಬೆವರು ಸುರಿಸುತ್ತ ಭಾವ. ಸುಮಾ ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸಿ ಕೈಕಾಲು ತೊಳೆಸಿದಳು, ಒಂದು ಹುಳುವನ್ನು ಅಂಗೈಯಲ್ಲಿಟ್ಟು ಹಣ್ಣಾದದ್ದು ಯಾವುದು, ಕಾಯಿ ಯಾವುದು ಎಂದು ತೋರಿಸಿದಳು. ಆರಿಸುವವರು ಯಾರು, ಚಂದ್ರಿಕೆ ಹಿಡಿಯುವವರು ಯಾರು, ಹೊತ್ತು ಹೊರಗಿಡುವವರು ಯಾರು ಎಂದು ಗುಂಪು ಮಾಡಿದಳು. "ಕರಿಬಂಡೆ, ಗೋಡೆ ನಿಂದು" ಎಂದರೆ, "ಸರಿ ತುಂಬೆ" ಎಂದು ಆ ಕಡ್ಡಿಯಂಥ ಹುಡುಗ ಏಣಿ ಹತ್ತಿದ. ಸಣ್ಣ ಬೊಂಬೆಗಳನ್ನು ಹಿಡಿದು ಅಭ್ಯಾಸವಿದ್ದ ಬೆರಳು, ಒಂದು ಹುಳುವೂ ನೋಯಲಿಲ್ಲ. ಅವನು ಏಣಿಯ ಮೇಲಿಂದ ಬಾಗಿದಾಗ ಬಿದ್ದಾನೆಂದು ಕೆಳಗೆ ಏಣಿ ಹಿಡಿದು ನಿಂತವರು ಯಾರು ಗೊತ್ತೇ? ಭಾವ. ಸುಮಾ ಅವರಿಗೆ ಕೊಟ್ಟ ಕೆಲಸ ಅದು. ಅವರು ಎರಡು ಮಾತಾಡದೆ ಹಿಡಿದರು.

ಸಂಜೆಗೆ ಚಂದ್ರಿಕೆಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದೆವು. ಗೋಡೆಗೆ ಹೋದ ಸ್ವಲ್ಪ ಬಿಟ್ಟರೆ ಬೆಳೆಯೆಲ್ಲ ಉಳಿಯಿತು. ಪುಳಿಯೋಗರೆ ತಿನ್ನುತ್ತ ಶಬಾನಾ, "ಅಮ್ಮಾ, ನೀವೂ ನಮ್ ಗುಂಪಿಗೆ ಬನ್ನಿ. ಮುಂದೆ ನಿಲ್ಲೋಕೆ ಇಮ್ರಾನ್‌ಗಿಂತ ನೀವೇ ಸರಿ" ಎಂದು ನಗಿಸಿದಳು. ಸೋಮವಾರ ನಿಮ್ಮಮ್ಮ ಕಾಲೇಜಿಗೆ ಹೋದಳು. ಶನಿವಾರ ಆಟಕ್ಕೂ ಹೋದಳು.

ಮುಂದಿನದು ನಿಮಗೆ ಗೊತ್ತು. ಕುದೂರಿನಲ್ಲಿ ಇವತ್ತು ನಿಮ್ಮಮ್ಮನ ಚಾಕಿ ಕೇಂದ್ರವಿದೆ. ನಿಮ್ಮ ದೊಡ್ಡತಾತ ಹುಳುವಿನ ಮರಿಗೆ ಅಲ್ಲಿಗೇ ಬರಬೇಕು. ಬಂದಾಗಲೆಲ್ಲ ಅವಳು ಬಾಗಿಲಲ್ಲಿ ನಿಲ್ಲಿಸಿ, "ಟವೆಲ್ಲು ಹೊರಗಿಟ್ಟು ಬನ್ನಿ ದೊಡ್ಡಪ್ಪ" ಎನ್ನುತ್ತಾಳೆ. ಅವರು ಹೊರಗಿಟ್ಟು ಹೋಗುತ್ತಾರೆ. ಅದನ್ನು ನೋಡಲೆಂದೇ ನಾನು ಕೆಲವು ಸಲ ಅಲ್ಲಿ ಕೂತಿರುತ್ತೇನೆ.

ಅಂದು ಅಂಗಳದಲ್ಲಿ ಆಡಿದ ಮಾತನ್ನು ಅವರು ಹೀಗೆ ನುಂಗಿ ನೀರು ಕುಡಿಯುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಚಿಕ್ಕತಾಯಕ್ಕ ಈಗ ಇಲ್ಲ, ಬೋರೇಗೌಡನೂ ತೀರಿಕೊಂಡ. ಕೇಳಿಸಿಕೊಂಡವರಲ್ಲಿ ಉಳಿದವರು ಸುಮಾ ಮತ್ತು ನಾನು. ನಾನೂ ಹೋದ ಮೇಲೆ ತನ್ನ ಮಾತೇ ನಿಲ್ಲುತ್ತದೆ ಎಂದು ಅವರು ಲೆಕ್ಕ ಹಾಕಿದ್ದಾರೆ. ಅದಕ್ಕೇ ಬರೆದೆ. ಆಟ ಆಡಿ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ, ಅದು ನಿಮ್ಮಮ್ಮನಿಗೆ ಬಿಟ್ಟದ್ದು. ಆದರೆ ಆ ಆಟದವರು ಬಂದು ಉಳಿಸಿದ ಬೆಳೆಯ ಅನ್ನವನ್ನು ಉಂಡವರು ಅದನ್ನು ಬೈಯುವಂತಿಲ್ಲ.

ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ. ಟ್ರಂಕಿನ ತಳದಲ್ಲಿ ಹಾಕಬೇಡಿ. ಹಬ್ಬಕ್ಕೆ ನೆಂಟರು ಸೇರುವ ನಡುಮನೆಯಲ್ಲಿ, ಕೈ ಚಾಚಿದರೆ ಸಿಗುವ ಹಾಗೆ ಇಡಿ. ಮುಂದಿನ ಸಲ ಅವರು ಆ ಮಾತು ತೆಗೆದರೆ ಚಂದನಾ ಎದ್ದು ನಿಂತು ಗಟ್ಟಿಯಾಗಿ ಓದಲಿ. ಕಂಬದ ಕಡೆ ತಿರುಗಿ ಅಲ್ಲ, ಅವರ ಮುಖ ನೋಡಿಕೊಂಡು.